ಬೀದಿಯೋ, ಕ್ಲಿನಿಕ್ಕೋ, ಆಶ್ರಯ ಕೇಂದ್ರವೋ: ಮಾನಸಿಕ ಕಾಯಿಲೆಯಿರುವ ವಸತಿರಹಿತರಿಗೆ ಚಿಕಿತ್ಸೆ ಎಲ್ಲಿ ಶುರುವಾಗಬೇಕು

ಮಾನಸಿಕ ಕಾಯಿಲೆಯಿದ್ದು ಬೀದಿಯಲ್ಲೇ ಬದುಕುವವರಿಗೆ ಕರ್ನಾಟಕದ ಊರುಗಳಲ್ಲಿ ಚಿಕಿತ್ಸೆ ಸಿಗಬಹುದಾದ ಜಾಗಗಳು ಐದು: ಅವರು ಕೂತಿರುವ ಬೀದಿಯೇ, ಹತ್ತಿರದ ನಮ್ಮ ಕ್ಲಿನಿಕ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ, ಮನೋವೈದ್ಯರು ಬರುವ ತಾಲೂಕು ಆಸ್ಪತ್ರೆ, ವಸತಿರಹಿತರ ಆಶ್ರಯ ಕೇಂದ್ರ, ಮತ್ತು ಪೊಲೀಸರ ಮೂಲಕ ಸೇರಿಸುವ ದೊಡ್ಡ ಆಸ್ಪತ್ರೆ. ಯಾವುದನ್ನು ಯಾರಿಗೆ ಆರಿಸಬೇಕು ಎಂದು ತೀರ್ಮಾನಿಸಬೇಕಾದವರಿಗಾಗಿ ಈ ಬರಹ: ವೈದ್ಯಾಧಿಕಾರಿಗಳು, ಸಿಸ್ಟರ್‌ಗಳು, ಆಶಾ ಕಾರ್ಯಕರ್ತೆಯರು, ಊರಿನ ಸೇವಾ ಸಂಘಗಳು.

ಸಂಘಗಳಿಗೆ ಮೊದಲು ಹೊಳೆಯುವುದು ಕ್ಷೌರ, ಸ್ನಾನ, ಹೊಸ ಬಟ್ಟೆ, ಫೋಟೊ, ಆಮೇಲೆ ವ್ಯಾನು ಹತ್ತಿಸಿ ಎಲ್ಲಿಗಾದರೂ ಸಾಗಿಸುವುದು. ಸರ್ಕಾರಿ ಆಸ್ಪತ್ರೆಗೆ ಮೊದಲು ಹೊಳೆಯುವುದು "ಜೊತೆಗೆ ಯಾರಿದ್ದಾರೆ?" ಎಂಬ ಪ್ರಶ್ನೆ. ಎರಡರಿಂದಲೂ ಕಾಯಿಲೆ ಕದಲುವುದಿಲ್ಲ. ಆಯ್ಕೆ ಮಾಡುವಾಗ ಕೇಳಿಕೊಳ್ಳಬೇಕಾದದ್ದು ಬೇರೆ: ಇದೇ ವ್ಯಕ್ತಿಯನ್ನು ಹದಿನೈದು ದಿನ ಬಿಟ್ಟು ಯಾರು, ಎಲ್ಲಿ ಮತ್ತೆ ನೋಡುತ್ತಾರೆ? ಎರಡನೆಯ ಭೇಟಿ ಎಲ್ಲಿ ಖಚಿತವೋ ಚಿಕಿತ್ಸೆ ಅಲ್ಲಿ ಶುರುವಾಗಬೇಕು. ಸೌಲಭ್ಯ ಎಷ್ಟು ದೊಡ್ಡದು ಎಂಬುದು ಆಮೇಲಿನ ಮಾತು.

ಆಯ್ಕೆಗೂ ಮೊದಲು: ದೇಹ ನೋಡುವ ಹತ್ತು ನಿಮಿಷ

ಬೀದಿಯಲ್ಲಿ ಒಬ್ಬರು ಅಸಂಬದ್ಧವಾಗಿ ಮಾತಾಡುತ್ತಿದ್ದರೆ ಅದೆಲ್ಲ ಮನಸ್ಸಿನ ಕಾಯಿಲೆಯೇ ಆಗಿರಬೇಕಿಲ್ಲ. ತಲೆಗೆ ಬಿದ್ದ ಪೆಟ್ಟು, ಶುಗರ್ ಕುಸಿತ, ಮಿದುಳಿಗೆ ಏರಿದ ಸೋಂಕು, ಕುಡಿತ ಒಮ್ಮೆಲೇ ನಿಂತದ್ದು, ಫಿಟ್ಸ್ ಬಂದುಹೋದ ಮೇಲಿನ ಮಂಕು, ಇವೆಲ್ಲ ದೂರದಿಂದ ಹಾಗೆಯೇ ಕಾಣುತ್ತವೆ. ಹುಚ್ಚಿನ ಲೆಕ್ಕಕ್ಕೆ ಬರೆದು ಕೈಬಿಟ್ಟರೆ ಒಂದೆರಡು ದಿನದಲ್ಲಿ ಜೀವವೇ ಹೋಗಬಹುದಾದ ಸ್ಥಿತಿಗಳಿವು. ಗುರುತಿಸುವ ದಾರಿ ಹೀಗಿದೆ. ಮನೋವಿಕಾರ ಸಾಮಾನ್ಯವಾಗಿ ವಾರ, ತಿಂಗಳುಗಳಿಂದ ಇದ್ದು, ಕಿವಿಯಲ್ಲಿ ಮಾತು ಕೇಳಿಸುವುದೇ ಹೆಚ್ಚು. ಇದು ಬೆಳಗೋ ರಾತ್ರಿಯೋ ಎಂಬ ಅರಿವು ಬಹುಮಟ್ಟಿಗೆ ಉಳಿದಿರುತ್ತದೆ. ಎರಡು ಮೂರು ದಿನದಲ್ಲಿ ದಿಢೀರನೆ ಶುರುವಾಗಿ, ಗಳಿಗೆಗೊಮ್ಮೆ ಮಂಕು ಗಳಿಗೆಗೊಮ್ಮೆ ಎಚ್ಚರವಾಗುತ್ತ, ಇಲ್ಲದ್ದು ಕಣ್ಣಿಗೆ ಕಾಣುತ್ತಿದ್ದರೆ ಅದು ದೇಹದ ತುರ್ತು ಎಂದೇ ತಿಳಿಯಿರಿ. ಅಂಗಡಿಯವರನ್ನು "ಇವರು ಎಷ್ಟು ದಿನದಿಂದ ಹೀಗಿದ್ದಾರೆ?" ಎಂದು ಕೇಳುವುದು ಬೀದಿಯಲ್ಲಿ ಸಿಗುವ ಅತ್ಯುತ್ತಮ ಪರೀಕ್ಷೆ.

ಥರ್ಮಾಮೀಟರ್, ಬಿಪಿ ಯಂತ್ರ, ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್, ಗ್ಲುಕೋಮೀಟರ್, ಈ ನಾಲ್ಕು ಸಾಕು. ಮಂಕಿನ ಜೊತೆ 101 ಡಿಗ್ರಿ ಜ್ವರ, ಮೇಲಿನ ಬಿಪಿ 90ಕ್ಕಿಂತ ಕೆಳಗೆ, ನಾಡಿ 120ಕ್ಕಿಂತ ಮೇಲೆ, ಆಮ್ಲಜನಕ 94ಕ್ಕಿಂತ ಕಡಿಮೆ, ಶುಗರ್ 70ಕ್ಕಿಂತ ಕಡಿಮೆ: ಇವುಗಳಲ್ಲಿ ಒಂದಿದ್ದರೂ ಕೆಳಗಿನ ಹೋಲಿಕೆಯೆಲ್ಲ ಬದಿಗಿಟ್ಟು 108ಕ್ಕೆ ಕರೆ ಮಾಡಿ. ಶುಗರ್ ಇಳಿದು ಎಚ್ಚರವಿದ್ದರೆ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಕುಡಿತದ ಚಟವಿದ್ದವರು ಅಥವಾ ತೀರಾ ಸೊರಗಿದವರಾಗಿದ್ದರೆ, ಆಸ್ಪತ್ರೆಯಲ್ಲಿ ಗ್ಲುಕೋಸ್ ಡ್ರಿಪ್ ಏರಿಸುವ ಮೊದಲು ಥಯಾಮಿನ್ (ವಿಟಮಿನ್ ಬಿ1) ಕೊಡಬೇಕೆಂದು ನೆನಪಿಸಿ. ಇಲ್ಲವಾದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಕುಡಿತ ನಿಂತು ಎರಡರಿಂದ ನಾಲ್ಕನೆಯ ದಿನದ ನಡುವೆ ನಡುಕ, ಬೆವರು, ಭ್ರಮೆ ಕಾಣಿಸಿಕೊಂಡರೆ ಅದು ಹಾಸಿಗೆಯಿರುವ ಆಸ್ಪತ್ರೆಯ ಕೇಸು, ಬೀದಿಯದಲ್ಲ.

ದಿನಗಟ್ಟಲೆ ಉಪವಾಸವಿದ್ದವರಿಗೆ ಪ್ರೀತಿಯಿಂದ ಹೊಟ್ಟೆ ತುಂಬ ಬಿರಿಯಾನಿ ಕೊಡಿಸುವುದೂ ಅಪಾಯಕಾರಿ. ರಕ್ತದ ಲವಣಾಂಶಗಳು ಏರುಪೇರಾಗಿ ಹೃದಯಕ್ಕೆ ಪೆಟ್ಟು ಬೀಳುತ್ತದೆ. ಗಂಜಿ, ಬಾಳೆಹಣ್ಣು, ಅರ್ಧ ಇಡ್ಲಿ ಹೀಗೆ ಸ್ವಲ್ಪ ಸ್ವಲ್ಪವಾಗಿ ಎರಡು ಮೂರು ದಿನ ಏರಿಸಿ. ಐದು ದಿನ ಮೀರಿ ಏನೂ ತಿಂದಿಲ್ಲವೆಂದು ಗೊತ್ತಾದರೆ ಆಸ್ಪತ್ರೆಗೇ ಕರೆದೊಯ್ಯಿರಿ.

ಬೀದಿಯಲ್ಲೇ ಚಿಕಿತ್ಸೆ

ಕೋಲ್ಕತ್ತಾದ ಈಶ್ವರ್ ಸಂಕಲ್ಪ ಸಂಸ್ಥೆ ರೂಢಿಗೆ ತಂದ ಕ್ರಮವಿದು: ವ್ಯಕ್ತಿಯನ್ನು ಎಬ್ಬಿಸಿ ಸಾಗಿಸದೆ ಅವರಿರುವ ಪುಟ್‌ಪಾತಿನಲ್ಲೇ ಊಟ, ಗಾಯದ ಆರೈಕೆ, ಮಾತ್ರೆ ಎಲ್ಲವೂ ನಡೆಯುತ್ತದೆ, ಪಕ್ಕದ ಚಹಾ ಅಂಗಡಿಯವರೋ ಹೋಟೆಲಿನವರೋ ದಿನದ ಮಾತ್ರೆ ಕೊಡುವ ಹೊಣೆ ಹೊರುತ್ತಾರೆ. ನಮ್ಮ ಊರುಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಬೀದಿಯಲ್ಲಿ ಒಂದೇ ಕಡೆ ತಿಂಗಳುಗಟ್ಟಲೆ ಇರುವವರಿಗೆ ಯಾರೋ ಒಬ್ಬರು ಈಗಾಗಲೇ ಅನ್ನ ಕೊಡುತ್ತಿರುತ್ತಾರೆ. ಇಲ್ಲವಾದರೆ ಅವರು ಅಲ್ಲಿ ಉಳಿಯುತ್ತಲೇ ಇರಲಿಲ್ಲ. ಆ ಒಬ್ಬರನ್ನು ಹುಡುಕುವುದೇ ಮೊದಲ ಕೆಲಸ. ನಸುಕಿನಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕರನ್ನು ಕೇಳಿದರೆ ಅರ್ಧ ಊರಿನ ಲೆಕ್ಕ ಸಿಗುತ್ತದೆ.

ಮೊದಲ ಮೂರು ನಾಲ್ಕು ಭೇಟಿಗಳಲ್ಲಿ ಔಷಧಿಯ ಮಾತೇ ಬೇಡ. ದಿನದ ಒಂದೇ ಹೊತ್ತಿಗೆ, ಅದೇ ಇಬ್ಬರು ಹೋಗಬೇಕು. ಪಕ್ಕದಲ್ಲಿ ಕೂರಬೇಕು, ಎದುರು ನಿಂತು ಬಗ್ಗಿ ಮಾತಾಡಿಸಬಾರದು. ಯಾವ ಭಾಷೆಗೆ ತಲೆ ಎತ್ತುತ್ತಾರೆ ನೋಡಿ: ಕನ್ನಡಕ್ಕೆ ಸುಮ್ಮನಿದ್ದವರು ತೆಲುಗಿಗೋ ಒಡಿಯಾಕ್ಕೋ ತಟ್ಟನೆ ಉತ್ತರ ಕೊಡುವುದುಂಟು. "ಅಣ್ಣ", "ಅಮ್ಮ" ಎಂದು ಕರೆಯಿರಿ, ಏಕವಚನ ಬೇಡ. ಮುಟ್ಟುವ ಮೊದಲು ಕೇಳಿ. ಬಹುತೇಕರು ಮೊದಲು ಒಪ್ಪುವುದು ಗಾಯದ ಡ್ರೆಸ್ಸಿಂಗಿಗೆ, ಏಕೆಂದರೆ ನೋವು ಅವರಿಗೂ ಗೊತ್ತಿರುತ್ತದೆ. ಡ್ರೆಸ್ಸಿಂಗಿನಿಂದ ಮಾತ್ರೆಗೆ ದಾಟುವುದು ಸುಲಭ. ಮಾತ್ರೆಯಿಂದ ಶುರು ಮಾಡಿದರೆ ಡ್ರೆಸ್ಸಿಂಗೂ ಕೈತಪ್ಪುತ್ತದೆ.

ಚೀಲದಲ್ಲಿರಬೇಕಾದವು: ಮೇಲೆ ಹೇಳಿದ ನಾಲ್ಕು ಉಪಕರಣ, ಸಲೈನ್ ಬಾಟಲಿ, ಗಾಜ್, ಪೊವಿಡೋನ್ ಅಯೋಡಿನ್, ಕೈಗವಸು, ಓಆರ್‌ಎಸ್, ಪ್ಯಾರಾಸಿಟಮಾಲ್, ಪರ್ಮೆಥ್ರಿನ್ ಮುಲಾಮು, ಗರ್ಭಪರೀಕ್ಷೆಯ ಕಿಟ್, ಉಗುರು ಕತ್ತರಿ, ಬಳಸಿದ ಸೂಜಿ ಹಾಕುವ ಗಟ್ಟಿ ಡಬ್ಬಿ, ಮತ್ತು ಒಂದು ಜೊತೆ ಚಪ್ಪಲಿ.

ಬೀದಿಯಲ್ಲಿ ಆಗದ ಕೆಲಸಗಳೂ ಇವೆ. ಹುಳ ಬಿದ್ದ ಗಾಯವನ್ನು ಪುಟ್‌ಪಾತಿನಲ್ಲಿ ಬಿಚ್ಚಬೇಡಿ. ಅದಕ್ಕೆ ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಗಾಜನ್ನು ಹತ್ತು ಹದಿನೈದು ನಿಮಿಷ ಇಟ್ಟು, ಮೇಲೆ ಬಂದ ಹುಳಗಳನ್ನು ಚಿಮುಟದಿಂದ ತೆಗೆದು, ಸಲೈನಿನಲ್ಲಿ ತೊಳೆಯಬೇಕು. ಒಂದೇ ಸಲಕ್ಕೆ ಮುಗಿಯದು, ಎರಡು ಮೂರು ದಿನ ಮತ್ತೆ ಮತ್ತೆ ಮಾಡಬೇಕು. ಬಾಗಿಲು ಮುಚ್ಚುವ ಕೋಣೆ, ನೀರು, ಬೆಳಕು ಬೇಕು. ಕಣ್ಣಿನ ಹತ್ತಿರದ ಗಾಯಕ್ಕೆ ಟರ್ಪೆಂಟೈನ್ ಹಚ್ಚಲೇಬಾರದು, ಅದು ನೇರ ಆಸ್ಪತ್ರೆಗೆ. ಕಜ್ಜಿಗೆ ಹಚ್ಚುವ ಪರ್ಮೆಥ್ರಿನ್ ಶೇ. 5 ಮುಲಾಮನ್ನು ಕುತ್ತಿಗೆಯಿಂದ ಪಾದದವರೆಗೆ ಬಳಿದು 8ರಿಂದ 14 ಗಂಟೆ ಬಿಟ್ಟು ತೊಳೆದು, ವಾರದ ನಂತರ ಮತ್ತೊಮ್ಮೆ ಹಚ್ಚಬೇಕು. ಸ್ನಾನಕ್ಕೆ ಜಾಗವಿಲ್ಲದವರಿಗೆ ಇದು ಕಾಗದದ ಮೇಲಷ್ಟೇ ಸರಿ. ಅಂಥವರಿಗೆ ವೈದ್ಯರು ಐವರ್ಮೆಕ್ಟಿನ್ ಮಾತ್ರೆಯನ್ನು (ಕಿಲೋ ತೂಕಕ್ಕೆ 200 ಮೈಕ್ರೋಗ್ರಾಂ, ಒಂದೆರಡು ವಾರದ ಅಂತರದಲ್ಲಿ ಎರಡು ಸಲ) ಆರಿಸುವುದು ವಾಸಿ. ಗರ್ಭಿಣಿಯರಿಗೆ ಅದು ಬೇಡ. ಎರಡರಲ್ಲೂ ಹಳೇ ಕಂಬಳಿ ಬದಲಾಗದಿದ್ದರೆ ಕಜ್ಜಿ ಮರಳುತ್ತದೆ.

ಬೀದಿ ಚಿಕಿತ್ಸೆ ಮುಗ್ಗರಿಸುವುದು ಹೆಚ್ಚಾಗಿ ಅತಿ ಆಸೆಯಿಂದ. ಸಿಸ್ಟರ್ ಒಬ್ಬರು, ಕಾರ್ಯಕರ್ತರಿಬ್ಬರು ಇರುವ ತಂಡ ಏಕಕಾಲಕ್ಕೆ ಇಪ್ಪತ್ತೈದು ಜನರಿಗಿಂತ ಹೆಚ್ಚಿನವರನ್ನು ಹಚ್ಚಿಕೊಳ್ಳಬಾರದು. ಎಂಬತ್ತು ಹೆಸರು ಪುಸ್ತಕದಲ್ಲಿದ್ದು ಯಾರನ್ನೂ ತಿಂಗಳಿಗೆ ಎರಡು ಸಲ ನೋಡಲಾಗದಿದ್ದರೆ ಅದನ್ನು ಚಿಕಿತ್ಸೆ ಎನ್ನಲಾಗದು, ಗಣತಿ ಎನ್ನಬಹುದು.

ನಮ್ಮ ಕ್ಲಿನಿಕ್, ಪ್ರಾಥಮಿಕ ಆರೋಗ್ಯ ಕೇಂದ್ರ

ಮನೋರೋಗವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡಬಹುದು ಎಂಬುದು ನಮ್ಮ ನೆಲದಲ್ಲೇ ಪರೀಕ್ಷೆಗೆ ಒಳಗಾದ ವಿಚಾರ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದರೆ ಆ ಇಡೀ ಏರ್ಪಾಡು ಮನೆಯೊಂದಿದೆ ಎಂದು ಎಣಿಸಿಕೊಂಡಿದೆ. ಆಶಾ ಕಾರ್ಯಕರ್ತೆಯ ಪಟ್ಟಿ ಮನೆಯಿಂದ ಮನೆಗೆ ಸಾಗುತ್ತದೆ. ಮನೆ ನಂಬರಿಲ್ಲದವರು ಆ ಪಟ್ಟಿಗೆ ಬರುವುದೇ ಇಲ್ಲ. ಆದ್ದರಿಂದ ನಿಮ್ಮ ಕೇಂದ್ರದ ವೈದ್ಯಾಧಿಕಾರಿಯಿಂದ ಮಾಡಿಸಬೇಕಾದ ಮೊದಲ ಕೆಲಸ, ಬಸ್ ಸ್ಟ್ಯಾಂಡ್, ದೇವಸ್ಥಾನದ ಅಂಗಳ, ರೈಲು ನಿಲ್ದಾಣಗಳನ್ನು ಯಾವುದಾದರೂ ಒಬ್ಬ ಆಶಾ ವ್ಯಾಪ್ತಿಗೆ ಲಿಖಿತವಾಗಿ ಸೇರಿಸುವುದು.

2022ರ ಡಿಸೆಂಬರಿನಲ್ಲಿ ನಗರಗಳಲ್ಲಿ ಶುರುವಾದ ನಮ್ಮ ಕ್ಲಿನಿಕ್‌ಗಳಲ್ಲಿ ವೈದ್ಯರು, ಸಿಸ್ಟರ್, ಲ್ಯಾಬ್ ತಂತ್ರಜ್ಞರು ಇದ್ದಾರೆ. ಪರೀಕ್ಷೆ, ಔಷಧಿ ಉಚಿತ. ಬೀದಿ ತಂಡಕ್ಕೆ ಸಿಗದ ಮೂರು ಸಂಗತಿ ಇಲ್ಲಿವೆ: ರಕ್ತಪರೀಕ್ಷೆ, ಧನುರ್ವಾಯುವಿನ ಲಸಿಕೆ ಇಡುವ ಫ್ರಿಜ್, ಬಾಗಿಲಿರುವ ಕೋಣೆ. ಕೊರತೆಯಿರುವುದು ಸರತಿಯಲ್ಲಿ. ವಾಸನೆ ಬರುವ, ತಮ್ಮಷ್ಟಕ್ಕೆ ಮಾತಾಡುವ ಒಬ್ಬರನ್ನು ಬಾಣಂತಿಯರ ನಡುವೆ ಒಂದು ಗಂಟೆ ನಿಲ್ಲಿಸಿದರೆ ಯಾರಾದರೂ ಒಬ್ಬರು ಎದ್ದು ಹೋಗುತ್ತಾರೆ, ಸಾಮಾನ್ಯವಾಗಿ ಅವರೇ. ಮಧ್ಯಾಹ್ನ ಊಟದ ನಂತರ ಜನ ಕಡಿಮೆಯಿರುವ ಹೊತ್ತು, ವಾರದಲ್ಲಿ ಒಂದೇ ನಿಗದಿತ ದಿನ, ಚೀಟಿ ಮೊದಲೇ ಬರೆಸಿಟ್ಟು ನೇರ ಒಳಗೆ: ಇಷ್ಟಕ್ಕೆ ಹಣ ಬೇಕಿಲ್ಲ, ವೈದ್ಯಾಧಿಕಾರಿಯ ಒಪ್ಪಿಗೆ ಸಾಕು.

ಆಧಾರ್ ಇಲ್ಲವೆಂದು ಚೀಟಿ ಕೊಡದಿದ್ದರೆ ತೋರಿಸಬೇಕಾದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್. ಬಿಪಿಎಲ್ ಕಾರ್ಡ್ ಇರಲಿ ಬಿಡಲಿ, ನಿರ್ಗತಿಕರು ಮತ್ತು ವಸತಿರಹಿತರಿಗೆ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಪೂರ್ತಿ ಉಚಿತ ಎಂದು ಅದು ಹೇಳುತ್ತದೆ. ಹೆಸರು ಹೇಳದವರನ್ನು ಬರೀ "ಅಪರಿಚಿತ" ಎಂದು ಬರೆಸಬೇಡಿ. ಮುಂದಿನ ತಿಂಗಳು ಅದೇ ರಿಜಿಸ್ಟರಿನಲ್ಲಿ ಐವರು ಅಪರಿಚಿತರು ಇರುತ್ತಾರೆ, ಯಾರ ಇಂಜೆಕ್ಷನ್ ಯಾರಿಗೆ ಎಂದು ತಿಳಿಯದು. ಅವರು ಒಪ್ಪುವ ಕರೆಹೆಸರು, ಅಂದಾಜು ವಯಸ್ಸು, ಕೂರುವ ಜಾಗ, ಮೈಮೇಲಿನ ಗುರುತು, ಇಷ್ಟೂ ಬರೆಸಿ.

ತಾಲೂಕು ಆಸ್ಪತ್ರೆಯ ಮಂಗಳವಾರ

ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂಬುದನ್ನು ಜಿಲ್ಲಾ ಮಾನಸಿಕ ಆರೋಗ್ಯ ಘಟಕದಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ರೋಗ ನಿರ್ಣಯಕ್ಕೆ, ಔಷಧಿ ಬದಲಾವಣೆಗೆ, ಅಂಗವೈಕಲ್ಯ ಪ್ರಮಾಣಪತ್ರದ ದಾರಿ ತೆರೆಯುವುದಕ್ಕೆ ಇದೇ ಸರಿಯಾದ ಜಾಗ. ಆದರೆ ಇದೊಂದನ್ನೇ ನೆಚ್ಚಿಕೊಂಡರೆ ಒಂದು ಮಂಗಳವಾರ ತಪ್ಪಿದಾಗ ತಿಂಗಳೇ ತಪ್ಪುತ್ತದೆ. ಮೊದಲ ಭೇಟಿ ಇಲ್ಲಿ, ಮುಂದಿನ ಮಾತ್ರೆ ಮತ್ತು ಇಂಜೆಕ್ಷನ್ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಎಂದು ಚೀಟಿಯಲ್ಲೇ ಬರೆಸಿಕೊಳ್ಳಿ. ವ್ಯಕ್ತಿ ಬರಲು ಒಪ್ಪದಿದ್ದರೆ ನೀವು ಬರೆದಿಟ್ಟ ಟಿಪ್ಪಣಿಯೊಂದಿಗೆ ಹೋಗಿ ಸಲಹೆ ಕೇಳಿ. ನಡುವೆ ಸಂಶಯ ಬಂದರೆ 14416, ಟೆಲಿ ಮಾನಸ್ ಸಹಾಯವಾಣಿ; 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಕನ್ನಡದಲ್ಲೂ ಮಾತಾಡಬಹುದು.

ಆಶ್ರಯ ಕೇಂದ್ರದೊಳಗಿನ ಕ್ಲಿನಿಕ್

ಲಕ್ಷ ಜನಸಂಖ್ಯೆಗೆ ಒಂದರಂತೆ ನಗರಗಳಲ್ಲಿ ವಸತಿರಹಿತರ ಆಶ್ರಯ ಕೇಂದ್ರ ಇರಬೇಕು, ವರ್ಷವಿಡೀ ತೆರೆದಿರಬೇಕು ಎಂಬುದು ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಡಿ ಬಂದ ಮಾನದಂಡ. ರಾತ್ರಿ ಒಂದೇ ಕಡೆ ಮಲಗುವ ಜನ, ಬೀಗ ಹಾಕುವ ಕಪಾಟು, ನೀರು, ಉಸ್ತುವಾರಿಯ ಒಬ್ಬರು. ದಿನವೂ ಕಣ್ಣೆದುರು ಮಾತ್ರೆ ನುಂಗಿಸಲು ಇದಕ್ಕಿಂತ ಅನುಕೂಲದ ಜಾಗವಿಲ್ಲ. ಟಿಬಿ ಇದ್ದವರಿಗಂತೂ ಇದೇ ಮೊದಲ ಆಯ್ಕೆ ಆಗಬಹುದಿತ್ತು, ಆದರೆ ಅಲ್ಲೇ ತೊಡಕೂ ಇದೆ. ಒತ್ತೊತ್ತಾಗಿ ಮಲಗುವ ಹಾಲಿನಲ್ಲಿ ಕಫದ ಟಿಬಿ ಬೇಗ ಹಬ್ಬುತ್ತದೆ. ಎರಡು ವಾರ ಮೀರಿದ ಕೆಮ್ಮಿದ್ದರೆ ಸೇರಿಸಿಕೊಳ್ಳುವ ದಿನವೇ ಕಫ ಪರೀಕ್ಷೆಗೆ ಕಳಿಸಿ, ಫಲಿತಾಂಶ ಬರುವವರೆಗೆ ಕಿಟಕಿ ಪಕ್ಕ ಬೇರೆ ಹಾಸಿಗೆ ಕೊಡಿ.

ಇಲ್ಲಿನ ಇನ್ನೊಂದು ಎಡರು, ಬಾಗಿಲಲ್ಲೇ ಆಗುವ ಆಯ್ಕೆ. ಕೂಲಿ ಕಾರ್ಮಿಕರನ್ನು ಸೇರಿಸಿಕೊಳ್ಳುವ ಉಸ್ತುವಾರಿಗಳು ಮಾನಸಿಕ ಕಾಯಿಲೆಯವರನ್ನು "ಗಲಾಟೆ ಆಗುತ್ತದೆ" ಎಂದು ಹೊರಗಿಡುತ್ತಾರೆ. ಅವರಿಗೆ ಉಪದೇಶಕ್ಕಿಂತ ಉಪಯೋಗ ಆಗುವುದು ಎರಡೇ: ರಾತ್ರಿ ಫೋನ್ ಎತ್ತುವ ಒಬ್ಬ ಸಿಸ್ಟರಿನ ನಂಬರು, ಮತ್ತು ಒಂದು ಹಾಲಿನಲ್ಲಿ ಇಂಥ ಐದಾರು ಜನರಿಗಿಂತ ಹೆಚ್ಚಿಲ್ಲ ಎಂಬ ಕರಾರು.

ಪೊಲೀಸರ ಮೂಲಕ ಆಸ್ಪತ್ರೆಗೆ

ತಮ್ಮನ್ನು ತಾವು ನೋಡಿಕೊಳ್ಳಲಾಗದ, ಅಥವಾ ತಮಗೋ ಇತರರಿಗೋ ಅಪಾಯ ತಂದುಕೊಳ್ಳುವ ಸ್ಥಿತಿಯಲ್ಲಿ ಅಲೆಯುತ್ತಿರುವವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. 2017ರ ಅದೇ ಕಾಯ್ದೆಯ 100ನೇ ಸೆಕ್ಷನ್ ಹಾಗೆ ಹೇಳುತ್ತದೆ. ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ, ತಡವೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ವಸತಿರಹಿತರಾಗಿದ್ದರೆ ಕಾಣೆಯಾದವರ ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕುವುದೂ ಠಾಣೆಯದೇ ಕೆಲಸ. ಹಳೆಯ 1987ರ ಕಾಯ್ದೆಯ ರೂಢಿಯಲ್ಲಿ "ಕೋರ್ಟ್ ಆದೇಶ ತನ್ನಿ" ಎನ್ನುವ ಠಾಣೆಗಳು ಈಗಲೂ ಇವೆ. 100ನೇ ಸೆಕ್ಷನ್ನಿನಡಿ ಕರೆದೊಯ್ಯಲು ಅದು ಬೇಕಿಲ್ಲ. ಮ್ಯಾಜಿಸ್ಟ್ರೇಟರ ದಾರಿ ಬೇರೆಯೇ ಇದೆ: 102ನೇ ಸೆಕ್ಷನ್, ತಪಾಸಣೆಗಾಗಿ ಹೆಚ್ಚೆಂದರೆ 10 ದಿನಗಳ ದಾಖಲಾತಿ. ಸೆಕ್ಷನ್ ನಂಬರುಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ ವಿನಯದಿಂದ ಮುಂದಿಟ್ಟರೆ ಬಹಳ ಸಲ ಕೆಲಸ ಸಾಗುತ್ತದೆ.

ಈ ದಾರಿ ಯಾರಿಗೆ? ಊಟ ನೀರು ಬಿಟ್ಟವರಿಗೆ, ವಾಹನಗಳ ನಡುವೆ ನುಗ್ಗುವವರಿಗೆ, ಸಾಯುವ ಮಾತಾಡುವವರಿಗೆ, ಕಲ್ಲು ಹಿಡಿದವರಿಗೆ. ಬೀದಿ ಕೊಳಕಾಗಿ ಕಾಣುತ್ತದೆ ಎಂದೋ, ಮಂತ್ರಿಗಳು ಬರುತ್ತಾರೆ ಎಂದೋ ಅಲ್ಲ. ಉದ್ರೇಕ ಹೆಚ್ಚಿದ್ದಾಗ ಆಸ್ಪತ್ರೆಯಲ್ಲಿ ಹ್ಯಾಲೋಪೆರಿಡಾಲ್ ಇಂಜೆಕ್ಷನ್ ಜೊತೆಗೆ ಪ್ರೊಮೆಥಾಜಿನ್ ಕೊಡುತ್ತಾರೆ. ಹ್ಯಾಲೋಪೆರಿಡಾಲ್ ಒಂದನ್ನೇ ಕೊಟ್ಟರೆ ಕತ್ತು, ಕಣ್ಣು, ನಾಲಿಗೆ ಸೆಟೆದುಕೊಳ್ಳಬಹುದು. ಅದನ್ನು ಅನುಭವಿಸಿದವರು ಮತ್ತೆ ಸೂಜಿ ಹತ್ತಿರ ಬಿಡುವುದಿಲ್ಲ. ಇಂಥ ಇಂಜೆಕ್ಷನ್ನನ್ನು ನಡುಬೀದಿಯಲ್ಲಿ ಕೊಡುವುದಲ್ಲ. ಆಮೇಲೆ ಉಸಿರು, ಬಿಪಿ ನೋಡುತ್ತ ಕೂರುವವರು ಬೇಕು. ಹಿಡಿದುಕೊಳ್ಳಲೇಬೇಕಾದಾಗಲೂ ಬೋರಲು ಮಲಗಿಸಬೇಡಿ, ಉಸಿರು ಕಟ್ಟುತ್ತದೆ. ಸರಪಳಿ ಕಟ್ಟುವುದಂತೂ 95ನೇ ಸೆಕ್ಷನ್ನಿನಡಿ ನಿಷಿದ್ಧ.

ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗ, ಎಲ್ಲ ಕಡೆಯೂ ದಾಖಲಾತಿಗೆ "ಜೊತೆಗೆ ಯಾರು" ಎಂಬ ಪ್ರಶ್ನೆ ಬಂದೇ ಬರುತ್ತದೆ. ನಾಮನಿರ್ದೇಶಿತ ಪ್ರತಿನಿಧಿ (ಕಾಯ್ದೆಯಡಿ ರೋಗಿಯ ಪರವಾಗಿ ನಿಲ್ಲುವವರು) ಇಲ್ಲದಾಗ, ಮಾನಸಿಕ ಕಾಯಿಲೆಯವರಿಗಾಗಿ ಕೆಲಸ ಮಾಡುವ ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಲಿಖಿತ ಅರ್ಜಿ ಕೊಟ್ಟು ತಾತ್ಕಾಲಿಕವಾಗಿ ಆ ಜಾಗ ತುಂಬಲು 14ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಸಂಘದ ಲೆಟರ್‌ಹೆಡ್, ನೋಂದಣಿ ಪ್ರತಿ, ಎಫ್‌ಐಆರ್ ಪ್ರತಿ, ನೀವು ಬರೆದಿಟ್ಟ ಆರೋಗ್ಯದ ಟಿಪ್ಪಣಿ ಕೈಯಲ್ಲಿರಲಿ.

ಇಲ್ಲಿ ದೊಡ್ಡ ಸೋಲು ದಾಖಲಾತಿಯಲ್ಲಿ ಆಗುವುದಿಲ್ಲ, ಬಿಡುಗಡೆಯಲ್ಲಿ ಆಗುತ್ತದೆ. ಮೂರು ವಾರ ಮಲಗಿಸಿ, ಸ್ವಲ್ಪ ಗೆಲುವಾದ ಮೇಲೆ ಹದಿನೈದು ದಿನದ ಮಾತ್ರೆ ಪೊಟ್ಟಣ ಕೈಗಿಟ್ಟು ಕಳಿಸಿದರೆ, ಆ ಪೊಟ್ಟಣ ಮೊದಲ ಮಳೆಗೇ ಮುದ್ದೆಯಾಗುತ್ತದೆ. ಮನೆಯಿಲ್ಲ ಎಂಬ ಒಂದೇ ಕಾರಣಕ್ಕೆ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುವುದನ್ನೂ 19ನೇ ಸೆಕ್ಷನ್ ಒಪ್ಪುವುದಿಲ್ಲ. ಹಾಗಾಗಿ ಸೇರಿಸುವ ದಿನವೇ ಮೂರು ವಿಷಯ ಗೊತ್ತಿರಬೇಕು: ಬಿಡುಗಡೆಯಾದಾಗ ಕರೆತರುವವರು ಯಾರು, ಆ ರಾತ್ರಿ ಎಲ್ಲಿ ಮಲಗುತ್ತಾರೆ, ಮುಂದಿನ ಇಂಜೆಕ್ಷನ್ ಯಾವ ಆರೋಗ್ಯ ಕೇಂದ್ರದಲ್ಲಿ. ಚೆನ್ನೈನ ದಿ ಬ್ಯಾನ್ಯನ್ ಸಂಸ್ಥೆ ಬಾಡಿಗೆ ಮನೆಯಲ್ಲಿ ನಾಲ್ಕೈದು ಜನರನ್ನು ಸಂಸಾರದಂತೆ ಇರಿಸುವ "ಹೋಮ್ ಅಗೇನ್" ಕ್ರಮ ಹುಟ್ಟಿದ್ದೇ ಈ ಕಂದಕ ದಾಟಲು. ಮನೆಯವರನ್ನು ಹುಡುಕಿ ಊರಿಗೆ ತಲುಪಿಸುವುದು ಮಹಾರಾಷ್ಟ್ರದ ಕರ್ಜತ್‌ನ ಶ್ರದ್ಧಾ ಸಂಸ್ಥೆಯ ದಾರಿ; ಅದರ ಡಾ. ಭರತ್ ವಾಟ್ವಾನಿ ಅವರಿಗೆ 2018ರ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಊರು ಸಿಕ್ಕಿತೆಂದು ಕೂಡಲೇ ಬಸ್ಸು ಹತ್ತಿಸುವುದಲ್ಲ. ಮೊದಲು ಮಾತು ನೆಟ್ಟಗಾಗಬೇಕು, ಮನೆಯವರಿಗೆ ಮಾತ್ರೆಯ ವಿಷಯ ತಿಳಿಸಬೇಕು, ಆ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅದೇ ಔಷಧಿ ಇದೆಯೇ ಎಂದು ಕೇಳಬೇಕು. ಆಧಾರ್ ನೋಂದಣಿಗೆ ಕೂರಿಸಿದಾಗ ಬೆರಳಚ್ಚು ಮೊದಲೇ ಇದೆ ಎಂದು ಅರ್ಜಿ ತಿರಸ್ಕೃತವಾಗಿ, ಅದರಿಂದಲೇ ಊರು ಪತ್ತೆಯಾಗುವುದುಂಟು.

ಮಾತ್ರೆಯೋ, ತಿಂಗಳ ಇಂಜೆಕ್ಷನ್ನೋ

ಜಾಗ ಯಾವುದೇ ಇರಲಿ, ಈ ಆಯ್ಕೆ ಎದುರಾಗುತ್ತದೆ. ತೀರ್ಮಾನ ವೈದ್ಯರದು, ಆದರೆ ಆ ವ್ಯಕ್ತಿ ಎಲ್ಲಿ ಮಲಗುತ್ತಾರೆ, ಮಾತ್ರೆ ಎಲ್ಲಿಡುತ್ತಾರೆ ಎಂಬುದು ಗೊತ್ತಿರುವುದು ನಿಮಗೆ.

ಮನೋವಿಕಾರಕ್ಕೆ ಕೊಡುವ ರಿಸ್ಪೆರಿಡೋನ್ ಮಾತ್ರೆ ಸಾಮಾನ್ಯವಾಗಿ 1 ಮಿಲಿಗ್ರಾಮಿನಿಂದ ಶುರುವಾಗಿ 2ರಿಂದ 6ರ ನಡುವೆ ನಿಲ್ಲುತ್ತದೆ. ಅಡ್ಡಪರಿಣಾಮ ಕಂಡರೆ ಮರುದಿನವೇ ನಿಲ್ಲಿಸಬಹುದು, ಅದೇ ಮಾತ್ರೆಯ ದೊಡ್ಡ ಗುಣ. ದಿನವೂ ಕೊಡುವ ಕೈ ಇರಬೇಕು, ಅದೇ ದೊಡ್ಡ ಕೊರತೆ. ಅದೇ ಬಗೆಯ ಓಲಾಂಜಪೈನ್ ನಿದ್ರೆ, ಹಸಿವು ತರುತ್ತದೆ. ಸೊರಗಿದವರಿಗೆ ಆರಂಭದಲ್ಲಿ ಒಳ್ಳೆಯದೆನಿಸಿದರೂ ಮೂರು ತಿಂಗಳಿಗೆ ತೂಕ, ಶುಗರ್ ನೋಡಲೇಬೇಕು. ಬೀದಿಯಲ್ಲಿ ಮಲಗುವವರಿಗೆ, ಅದರಲ್ಲೂ ಹೆಂಗಸರಿಗೆ, ಗಾಢ ನಿದ್ರೆ ತರುವ ಔಷಧಿ ರಾತ್ರಿ ಕೊಡುವುದೆಂದರೆ ಕಾವಲು ಕಳಚಿದಂತೆ. ಹೊಡೆತ, ಕಳವು, ಅತ್ಯಾಚಾರ ನಡೆಯುವುದು ಆ ಹೊತ್ತಿನಲ್ಲೇ. ಮಲಗಲು ಭದ್ರ ಜಾಗ ಸಿಗುವವರೆಗೆ ಕಡಿಮೆ ಮಂಪರಿನ ಔಷಧಿ ಕೇಳಿ. ನಡುಕ ತಡೆಯಲು ಕೊಡುವ ಟ್ರೈಹೆಕ್ಸಿಫೆನಿಡಿಲ್ ನಶೆಗಾಗಿ ಕೈಬದಲಾಗುತ್ತದೆ. ತಿಂಗಳದ್ದು ಒಟ್ಟಿಗೆ ಕೊಡಬೇಡಿ, ವಾರಕ್ಕೆ ಬೇಕಾದಷ್ಟೇ ಕೊಡಿ. ಲಿಥಿಯಂ, ಕ್ಲೋಜಪೈನ್ ಎರಡೂ ಬೀದಿಗೆ ಹೇಳಿದ ಔಷಧಿಗಳಲ್ಲ: ಮೊದಲನೆಯದು ಬಿಸಿಲಿಗೆ ನೀರು ಬತ್ತಿದರೆ ವಿಷವಾಗುತ್ತದೆ, ಎರಡನೆಯದಕ್ಕೆ ಮೊದಲ 18 ವಾರ ಪ್ರತಿ ವಾರ ರಕ್ತಪರೀಕ್ಷೆ ಬೇಕು.

ಫ್ಲುಫೆನಜಿನ್ ಡೆಕನೋಯೇಟ್ ಇಂಜೆಕ್ಷನ್ ಎರಡರಿಂದ ನಾಲ್ಕು ವಾರಕ್ಕೊಮ್ಮೆ. ಮೊದಲು 12.5 ಮಿಲಿಗ್ರಾಂ ಕೊಟ್ಟು ಒಂದು ವಾರ ನೋಡುತ್ತಾರೆ, ಸೆಟೆತ ಬಾರದಿದ್ದರೆ 25ಕ್ಕೆ ಏರಿಸುತ್ತಾರೆ. ಇದು ಎಳ್ಳೆಣ್ಣೆಯಲ್ಲಿ ಕರಗಿಸಿದ ಔಷಧಿ. ಸಿರಿಂಜು, ಸೂಜಿ ಪೂರ್ತಿ ಒಣಗಿರಬೇಕು, ತೇವವಿದ್ದರೆ ದ್ರವ ಮಸುಕಾಗುತ್ತದೆ. 21 ಗೇಜಿಗಿಂತ ಸಪೂರ ಸೂಜಿಯಲ್ಲಿ ಎಣ್ಣೆ ಇಳಿಯುವುದಿಲ್ಲ. ಪೃಷ್ಠದ ಸ್ನಾಯುವಿಗೆ ಆಳವಾಗಿ, ನಿಧಾನವಾಗಿ ಕೊಡಬೇಕು, ಉಜ್ಜಬಾರದು. ತಿಂಗಳಿಗೊಮ್ಮೆ ಭೇಟಿಯಾದರೂ ಸಾಕು ಎಂಬುದು ಇದರ ಅನುಕೂಲ. ಕೊಟ್ಟ ಮೇಲೆ ವಾಪಸು ತೆಗೆಯಲಾಗದು ಎಂಬುದು ಅಪಾಯ: ಜ್ವರ, ಮೈ ಮರದಂತೆ ಬಿಗಿತ, ಮಂಕು ಒಟ್ಟಿಗೆ ಬಂದರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಇವರು ಎರಡು ತಿಂಗಳಾದರೂ ಇದೇ ಊರಿನಲ್ಲಿರುತ್ತಾರೆ ಎಂಬ ನಂಬಿಕೆಯಿಲ್ಲದೆ ಇಂಜೆಕ್ಷನ್ ಶುರು ಮಾಡಿಸಬೇಡಿ. ರೈಲು ಹತ್ತಿ ಹೋದವರ ಸೆಟೆತ ನೋಡುವವರು ಯಾರು?

ಚಹಾದಲ್ಲಿ ಮಾತ್ರೆ ಬೆರೆಸಿ ಕೊಡುವ ಸಲಹೆ ಪ್ರತಿ ಊರಿನಲ್ಲೂ ಸಿಗುತ್ತದೆ. "ನನಗೆ ವಿಷ ಹಾಕುತ್ತಾರೆ" ಎಂದು ಅಂಜುವವರಿಗೆ ಅದು ನಿಜವೆಂದು ತೋರಿಸಿಕೊಟ್ಟಂತಾಗುತ್ತದೆ. ಆಮೇಲೆ ಆ ಅಂಗಡಿಯ ಅನ್ನವೂ ಹೋಯಿತು.

ಕಲಬುರಗಿ, ರಾಯಚೂರಿನ ಕಡೆಯವರಿಗೆ ಒಂದು ಮಾತು ಹೆಚ್ಚಿಗೆ. ಮನೋರೋಗದ ಅನೇಕ ಔಷಧಿಗಳು, ನಡುಕದ ಮಾತ್ರೆಯೂ ಸೇರಿ, ಬೆವರುವುದನ್ನು ತಗ್ಗಿಸುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಮೂರು ಅಂಗಿ ತೊಟ್ಟು ಬಿಸಿಲಲ್ಲಿ ಕೂತವರಿಗೆ ಉಷ್ಣಾಘಾತ ಬೇಗ ತಟ್ಟುತ್ತದೆ. ಬೇಸಿಗೆಯ ಭೇಟಿ ವಾರಕ್ಕೆ ಎರಡಾಗಲಿ, ಮಾತ್ರೆಯ ಜೊತೆ ನೀರಿನ ಬಾಟಲಿ ಇರಲಿ.

ಬೇರೆ ಲೆಕ್ಕದ ಕೆಲವರು

ಹೆರುವ ವಯಸ್ಸಿನ ಪ್ರತಿ ಹೆಂಗಸಿಗೂ, ಒಪ್ಪಿಗೆ ಕೇಳಿ, ಔಷಧಿಗೆ ಮೊದಲು ಗರ್ಭಪರೀಕ್ಷೆ ಮಾಡಿ. ಫಿಟ್ಸ್‌ಗೂ ಮನಸ್ಸಿನ ಏರಿಳಿತಕ್ಕೂ ಕೊಡುವ ಸೋಡಿಯಂ ವ್ಯಾಲ್ಪ್ರೋಯೇಟ್ ಹೊಟ್ಟೆಯ ಮಗುವಿಗೆ ಹಾನಿ ಮಾಡುತ್ತದೆ. ಆ ವಯಸ್ಸಿನವರಿಗೆ ಬೇರೆ ಔಷಧಿಯಿದೆಯೇ ಎಂದು ಕೇಳಲೇಬೇಕು. ಹೆಂಗಸರಿಗೆ ಬೀದಿ ಚಿಕಿತ್ಸೆಯನ್ನು ತಾತ್ಕಾಲಿಕ ಎಂದಷ್ಟೇ ನೋಡಿ, ಮಹಿಳಾ ಕಾರ್ಯಕರ್ತೆಯೊಬ್ಬರು ತಂಡದಲ್ಲಿರಲಿ, ಆದಷ್ಟು ಬೇಗ ಬಾಗಿಲಿರುವ ಜಾಗಕ್ಕೆ ಸಾಗಿಸುವುದೇ ಗುರಿಯಾಗಲಿ.

ಟಿಬಿ ಇದ್ದವರಲ್ಲಿ ಔಷಧಿಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಟಿಬಿ ಔಷಧಿಯಾದ ರಿಫಾಂಪಿಸಿನ್, ಹ್ಯಾಲೋಪೆರಿಡಾಲ್ ಮತ್ತು ರಿಸ್ಪೆರಿಡೋನ್‌ಗಳನ್ನು ಮೈಯಿಂದ ಬೇಗ ಹೊರಹಾಕಿ ಅವುಗಳ ಬಲ ಕುಗ್ಗಿಸುತ್ತದೆ. ಟಿಬಿ ಚಿಕಿತ್ಸೆ ಶುರುವಾದ ಕೆಲವೇ ವಾರಗಳಲ್ಲಿ ಮನೋರೋಗ ಮರುಕಳಿಸಿದರೆ "ಮಾತ್ರೆ ನುಂಗುತ್ತಿಲ್ಲ" ಎಂದು ಗದರುವ ಮೊದಲು ಇದನ್ನು ವೈದ್ಯರಿಗೆ ನೆನಪಿಸಿ. ಇನ್ನೊಂದು ಟಿಬಿ ಔಷಧಿ ಐಸೋನಿಯಜಿಡ್ ಕೂಡ ಅಪರೂಪಕ್ಕೆ ತಾನೇ ಮನಸ್ಸನ್ನು ಕೆಡಿಸುತ್ತದೆ. ಟಿಬಿ ರೋಗಿಗಳ ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆ ಕೊಡುವ ತಿಂಗಳ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುವುದರಿಂದ, ಖಾತೆಯಿಲ್ಲದವರಿಗೆ ಊಟದ ವ್ಯವಸ್ಥೆಯನ್ನು ನೀವೇ ಮಾಡಬೇಕಾಗುತ್ತದೆ.

ಒಂದು ದಿನದ ಆರೋಗ್ಯ ಶಿಬಿರವನ್ನು ಈ ಹೋಲಿಕೆಯಲ್ಲಿ ಸೇರಿಸಿಲ್ಲ. ಎರಡನೆಯ ಭೇಟಿಯೇ ಇಲ್ಲದ್ದು ಆಯ್ಕೆಯಲ್ಲ. ನಿರಾಶ್ರಿತರ ಪರಿಹಾರ ಕೇಂದ್ರಗಳು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಹುಟ್ಟಿದವು, ಚಿಕಿತ್ಸೆಗಾಗಿ ಅಲ್ಲ. ಬೆಂಗಳೂರಿನ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಸಾಲು ಸಾವುಗಳಾದದ್ದು ಹಲವರಿಗೆ ನೆನಪಿರಬಹುದು. ಅಲ್ಲಿಗೆ ಸೇರಿದವರಿದ್ದರೆ ಹತ್ತಿರದ ಆರೋಗ್ಯ ಕೇಂದ್ರದ ಸಾಪ್ತಾಹಿಕ ಭೇಟಿಗಾಗಿ ಒತ್ತಾಯಿಸಿ. ಖಾಸಗಿ ಆಶ್ರಮಗಳ ಬಗ್ಗೆ ಕೇಳಬೇಕಾದದ್ದು ಮೂರೇ ಪ್ರಶ್ನೆ: ಮಾನಸಿಕ ಆರೋಗ್ಯ ಸಂಸ್ಥೆಯಾಗಿ ನೋಂದಣಿ ಇದೆಯೇ, ಮನೋವೈದ್ಯರು ಯಾವ ದಿನ ಬರುತ್ತಾರೆ, ಹೊರಗೆ ಹೋಗಬೇಕೆಂದವರನ್ನು ಬಿಡುತ್ತಾರೆಯೇ. ಕೊನೆಯದಕ್ಕೆ ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ.

ಯಾವ ದಾರಿ ಹಿಡಿದರೂ ಒಬ್ಬರಿಗೊಂದು ಇನ್ನೂರು ಪುಟದ ನೋಟ್‌ಬುಕ್ ತೆರೆಯಿರಿ. ಮೊದಲ ಪುಟದಲ್ಲಿ ಗುರುತು, ಎರಡನೆಯದರಲ್ಲಿ ಔಷಧಿ ಮತ್ತು ಒಗ್ಗದ ಔಷಧಿ, ಆಮೇಲೆ ಭೇಟಿಗೊಂದು ಸಾಲು: ದಿನಾಂಕ, ತೂಕ, ಬಿಪಿ, ಏನು ಕೊಟ್ಟಿದ್ದು, ಮುಂದಿನ ದಿನ. ಪುಸ್ತಕ ತಂಡದ ಬಳಿ ಇರಲಿ. ಮುಂದಿನ ಇಂಜೆಕ್ಷನ್ ದಿನಾಂಕ ಬರೆದ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅನ್ನ ಕೊಡುವ ಹೋಟೆಲಿನವರ ಗಲ್ಲಾಪೆಟ್ಟಿಗೆ ಪಕ್ಕ ಅಂಟಿಸಿ. ರೋಗದ ಹೆಸರು ಅದರಲ್ಲಿ ಬೇಡ, ಬರೀ ದಿನಾಂಕ ಮತ್ತು ಸಿಸ್ಟರಿನ ಫೋನ್ ನಂಬರು.